ಕಂದು ಬಾಟಲಿಯ ಕೆಂಪು

"ಕೆಂಪಗ ಅಂದ್ರ ಹೆಂಗ? ರಕ್ತದಂಗೇನು?"

ತಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸತ್ತ ಗಂಡನ ಮೂತ್ರದ ಬಣ್ಣವನ್ನು ಪೊಲೀಸರ ಮುಂದೆ ಹೇಳುವ ಕಾಲವೂ ಬಂತಲ್ಲ ಎಂಬ ಸಂಕಟ ಅವಳ ಮುಖದಲ್ಲಿತ್ತು.

"ರಕ್ತ ಅಲ್ರಿ ಮೇಡಮ್ಮಾರ. ರಕ್ತ ಆದ್ರ ಗೊತ್ತಾಗ್ತೈತಿ. ಇದು ನೀರಾಗ ಕುಂಕುಮಾ ಕದಡಿದಂಗ ಇತ್ತು. ನಾ ಅಂಜಿ ಅಳಾಕ ಹತ್ತಿದ್ರ ಅಂವಾ ನಕ್ಕ. ಔಷಧಾ ಕೆಲಸಾ ಮಾಡಾಕತ್ತೈತಿ ಬಿಡಬೇ, ಒಳಗಿನ ಕೆಟ್ಟದ್ದೆಲ್ಲಾ ಹೊರಗ ಹೊಂಟೈತಿ ಅಂದ."

ಶಗುಫ್ತಾಳ ಕೈಯಲ್ಲಿದ್ದ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು.

ಮೊರಬದ ರಾಮಪ್ಪ ಹೊಟ್ಟೆಯ ಕ್ಯಾನ್ಸರಿಗೆ ಆಸ್ಪತ್ರೆಯ ದಾರಿ ಬಿಟ್ಟು, ಯಾರೋ ಗುಟ್ಟಾಗಿ ಕೊಟ್ಟ ಶುಂಠಿಯ ಔಷಧ ಕುಡಿದು, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಸತ್ತಿದ್ದ. ಕೊಟ್ಟವರು ಯಾರೆಂದು ಹುಡುಕುವ ಕೆಲಸ ನವಲಗುಂದದ ಪಿಎಸ್‌ಐ ಶಗುಫ್ತಾ ನದಾಫಳ ಹೆಗಲಿಗೆ ಬಿದ್ದಿತ್ತು.

ಇಷ್ಟು ದಿನ ಅವಳು ಹುಡುಕಿದ್ದು ಒಬ್ಬ ಮೋಸಗಾರನನ್ನು. ಶುಂಠಿ ರಸವನ್ನೇ ಔಷಧವೆಂದು ನಂಬಿಸಿ ಬಡವರ ಪ್ರಾಣ ತೆಗೆಯುವ ಒಬ್ಬ ಕಳ್ಳ ವೈದ್ಯ.

ಆದರೆ ಶುಂಠಿ ಕುಡಿದವನ ಮೂತ್ರ ಕೆಂಪಾಗುವುದಿಲ್ಲ.

ಅದು ಯಾವುದರಿಂದ ಕೆಂಪಾಗುತ್ತದೆ ಎಂಬುದು ಶಗುಫ್ತಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತಾಯಿ ಫಾತಿಮಾಬಿಗೆ ಎದೆಯಲ್ಲಿ ಗಡ್ಡೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೀಮೋ ನಡೆದಿತ್ತು. ಮೊದಲ ಸಲ ಆ ಕೆಂಪು ಔಷಧವನ್ನು ನರಕ್ಕೆ ಏರಿಸಿದ ದಿನವೇ ನರ್ಸ್ ಹೇಳಿದ್ದಳು: "ಒಂದೆರಡು ದಿನ ಒಂದಕ್ಕ ಹೋದ್ರ ಕೆಂಪಗ ಬರತೈತಿ, ಗಾಬರಿ ಆಗಬ್ಯಾಡ್ರಿ." ಡಾಕ್ಟರು ಇನ್ನೊಂದು ಮಾತು ಸೇರಿಸಿದ್ದರು. ಈ ಔಷಧ ಹೃದಯಕ್ಕೆ ಭಾರ, ಹೃದಯ ಪರೀಕ್ಷೆ ಮಾಡದೆ ಒಂದು ಹನಿಯನ್ನೂ ಕೊಡುವಂತಿಲ್ಲ.

"ತಾಯವ್ವಾ, ಆ ಔಷಧ ಮೊದಲಿಂದ ಒಂದ ನಮೂನಿ ಇತ್ತೇನು?"

"ಇಲ್ರಿ. ಮೊದಲ ಹಾಲಿಗೆ ನೀರು ಬೆರಸಿದಂಗ ಬೆಳ್ಳಗ ಇರತಿತ್ತು. ಹಸಿಶುಂಠಿ ವಾಸನಿ. ಕಡೀಕ ಕಡೀಕ ಕೆಂಪಂದು ಬಂತು. ಬಾಟ್ಲಿ ಮಾತ್ರ ಅವ ಕಂದು ಬಾಟ್ಲಿ. ಹೊರಗಿಂದ ನೋಡಿದ್ರ ಏನೂ ತಿಳೀತಿದ್ದಿಲ್ಲ. ವಾಟಗಾದಾಗ ಹಾಕಿದ ಮ್ಯಾಲೆ ಬಣ್ಣಾ ಕಾಣತಿತ್ತು."

"ಯಾರು ಕೊಡತಿದ್ರು ಅಂತ ಒಂದ ದಿನಾನೂ ಹೇಳಲಿಲ್ಲೇನು?"

ತಾಯವ್ವ ಗೋಡೆಯ ಕಡೆ ನೋಡಿದಳು. ಬುದ್ಧನ ಚಿತ್ರದ ಕೆಳಗೆ ರಾಮಪ್ಪನ ಫೋಟೋ ಇತ್ತು. ವಾಚ್‌ಮನ್ ಅಂಗಿಯಲ್ಲಿ ತೆಗೆಸಿದ್ದು.

"ಹೆಸರು ಹೇಳಲಿಲ್ರಿ. ಆಣಿ ಮಾಡೇನಿ ಅಂತಿದ್ದ. ಒಂದ ಸಲ ಮಾತ್ರ, ಮಗಳಂಥಾಕಿ ಕೊಡ್ತಾಳ, ಆಕಿಗೆ ತ್ರಾಸ ಆಗಬಾರದು ಅಂದಿದ್ದ."

ಮಗಳಂಥಾಕಿ. ಶಗುಫ್ತಾ ಬಸಿಯನ್ನು ಕೆಳಗಿಟ್ಟು ಎದ್ದಳು.

"ಶಂಕ್ರಪ್ಪಣ್ಣ, ಗಾಡಿ ತಗೀರಿ. ಅಣ್ಣಿಗೇರಿಗೆ ಹೋಗೂಣು, ರಾಮಪ್ಪ ಕಾವಲಿದ್ದಲ್ಲಿ."

*

ಹೆಡ್ ಕಾನ್‌ಸ್ಟೇಬಲ್ ಶಂಕ್ರಪ್ಪ ಜೀಪನ್ನು ಎರೆಹೊಲಗಳ ನಡುವಿನ ರಸ್ತೆಗೆ ತಂದ. ಎರಡೂ ಬದಿಗೆ ಕಡಲೆ ಹೂಬಿಟ್ಟಿತ್ತು. ಮುಂದೆ ಹತ್ತಿಯ ದೊಡ್ಡ ಮೂಟೆ ಹೇರಿದ ಟ್ರ್ಯಾಕ್ಟರೊಂದು ಬಾಜು ಸರಿಯಲೊಲ್ಲದು. ಶಗುಫ್ತಾ ತಾನೇ ಕೈಚಾಚಿ ಹಾರ್ನ್ ಒತ್ತಿದಳು. ಬಿಡದೆ ಒತ್ತಿದಳು.

"ಮೇಡಂ, ಸ್ವಲ್ಪ ತಡೀರಿ. ಅವಗೂ ಜಾಗಾ ಸಿಗಬೇಕಲ್ರಿ."

ತಡೆಯುವುದು ಹೇಗೆ? ನಿನ್ನೆಯವರೆಗೆ ಇದು ಒಂದು ಸಾವಿನ ಲೆಕ್ಕ. ಈಗ ಆ ಕೆಂಪು ಬಾಟಲಿ ಇನ್ನೆಷ್ಟು ಮನೆ ಹೊಕ್ಕಿದೆಯೋ ಯಾರಿಗೆ ಗೊತ್ತು. ಯಮನೂರಿನ ದರ್ಗಾದ ಮುಂದೆಯೂ "ಶುಂಠಿಯ ಹೊಸ ಔಷಧ ಬಂದೈತಂತ" ಎಂದು ಜನ ಮಾತಾಡುವುದನ್ನು ಅವಳೇ ಕಿವಿಯಾರೆ ಕೇಳಿದ್ದಳು.

ಫೋನ್ ಗುನುಗಿತು. ಅಮ್ಮಿ.

"ಬೇಟಾ, ಊಟಾ ಮಾಡಿದೇನು?"

"ಮಾಡ್ತೀನಿ ಅಮ್ಮಿ. ನೀ ಹೆಂಗಿದ್ದಿ? ವಾಂತಿ ನಿಂತಿತೇನು?"

"ಅದೇನು ನಿಲ್ಲತದ." ಫಾತಿಮಾಬಿಯ ದನಿ ಸಣ್ಣಗಾಯಿತು. "ಒಂದ ಮಾತು ಕೇಳಲಾ? ನೀ ಹುಡುಕಾಕತ್ತೀಯಲ್ಲ, ಆ ಶುಂಠಿ ಔಷಧ, ಅದು ಖರೇನ ಗಡ್ಡಿ ಕರಗಸತದೇನು?"

ಶಗುಫ್ತಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಸಿಟ್ಟಾಗಬ್ಯಾಡ. ಕೂದಲಾ ಹೋದದ್ದು ಹೋಗಲಿ. ಆದ್ರ ಮತ್ತ ಆ ಸೂಜಿ ಅಂದ್ರ ಜೀವಾ ಝಲ್ ಅಂತದ. ಸಿಕ್ಕರ ಒಂದ ಬಾಟ್ಲಿ ನನಗೂ..."

"ಅದನ್ನ ಕುಡದಂವ ಸತ್ತಾನ ಅಮ್ಮಿ!"

ಕೂಗಿದಂತಾಯಿತು. ಆಮೇಲೆ ಫಾತಿಮಾಬಿ ಮೆಲ್ಲಗೆ, "ಆತು, ಊಟಾ ಮಾಡು" ಎಂದು ಫೋನ್ ಇಟ್ಟರು.

ಶಂಕ್ರಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಟ್ರ್ಯಾಕ್ಟರ್ ಕೊನೆಗೂ ಬಾಜು ಸರಿಯಿತು. ಮರುಫೋನ್ ಮಾಡಲೇ ಎಂದುಕೊಂಡ ಶಗುಫ್ತಾ, ಏನು ಹೇಳಬೇಕೆಂದು ತೋಚದೆ ಫೋನನ್ನು ಜೇಬಿಗೆ ತುರುಕಿದಳು.

*

ಅಣ್ಣಿಗೇರಿಯ ಹಳೆಯ ಹತ್ತಿ ಜಿನ್ನಿಂಗ್ ಗಿರಣಿಯ ಒಂದು ಬದಿಯನ್ನು ಒಪ್ಪ ಮಾಡಿ ಡಾಕ್ಟರ್ ಗೌರೀಶ ತಮ್ಮ ಪ್ರಯೋಗಾಲಯ ಕಟ್ಟಿಕೊಂಡಿದ್ದರು. ರಾಮಪ್ಪ ಕಾವಲಿದ್ದದ್ದು ಇಲ್ಲಿಯೇ. ಬಾಗಿಲು ತೆಗೆದರೆ ಸಾಕು, ಹಸಿಶುಂಠಿಯ ಘಾಟು ಮೂಗಿಗೆ ಅಡರುತ್ತಿತ್ತು. ಕಲಘಟಗಿಯ ಕಡೆಯಿಂದ ಬಂದ ಶುಂಠಿ ಮೂಟೆಗಳು ಮೂಲೆಯಲ್ಲಿ ಒರಗಿದ್ದವು. ಅವುಗಳ ಪಕ್ಕದಲ್ಲಿ ಇಲಿಗಳ ಪಂಜರಗಳು.

ಗೌರೀಶರು ಹಣೆಗೆ ವಿಭೂತಿ ಹಚ್ಚಿಕೊಂಡ, ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಅವರ ಸಹಾಯಕಿ ರೋಹಿಣಿ ಇಲಿಗಳಿಗೆ ಕಾಳು ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಅವಳ ಕೈ ತಡೆದು ನಿಂತಿತು.

"ಮತ್ತ ಬಂದ್ರಿ ಮೇಡಂ?" ಎಂದರು ಗೌರೀಶರು. "ಹೋದ ಸಲಾನ ಹೇಳೇನಲ್ಲ, ನಮ್ಮ ಔಷಧ ಇಲಿ ದಾಟಿ ಹೊರಗ ಹೋಗಿಲ್ಲ."

"ಹೋದ ಸಲ ಹೇಳಿದ್ದು ನಮ್ಮ ಶಂಕ್ರಪ್ಪಣ್ಣಗ ತಿಳೀಲಿಲ್ಲ. ಇನ್ನೊಂದ ಸಲ ಹೇಳ್ರಿ ಸರ್."

ಗೌರೀಶರು ನಿಟ್ಟುಸಿರು ಬಿಟ್ಟರು. ಆದರೆ ಮಾತು ಶುರುವಾದದ್ದೇ ತಡ, ಮುಖ ಅರಳಿತು. ತಮ್ಮ ಕೆಲಸದ ಮಾತೆಂದರೆ ಅವರಿಗೆ ಹಸಿವೆಯೂ ನೆನಪಾಗುತ್ತಿರಲಿಲ್ಲ.

"ಹಸಿಶುಂಠಿ ರಸಾ ತಗದು, ಸೋಸಿ, ಭಾಳ ಜೋರ್ ತಿರಗೋ ಯಂತ್ರದಾಗ ತಿರಿವಿದ್ರ ಕಣ್ಣಿಗೆ ಕಾಣದಂಥಾ ಸಣ್ಣ ಸಣ್ಣ ಚೀಲಾ ಸಿಗತಾವ. ನ್ಯಾನೋ ಕಣ ಅಂತೇವಿ. ಒಂದ ಕೂದಲಿನ ದಪ್ಪದಾಗ ನೂರಾರು ಕೂಡತಾವ. ಖಾಲಿ ಚೀಲಾ ಬೆಳ್ಳಗ. ಅದರಾಗ ಕ್ಯಾನ್ಸರ್ ಔಷಧಾ ತುಂಬಿದ್ರ ಕೆಂಪಗ. ಔಷಧಾ ಬರೇ ಕೊಟ್ರ ಮೈಯೆಲ್ಲಾ ಸುಡತದ. ಚೀಲದಾಗ ಕಟ್ಟಿ ಕಳಿಸಿದ್ರ ಗಡ್ಡಿ ಇದ್ದಲ್ಲೇ ಹೋಗಿ ಬಿಚ್ಚಿಕೋಬೇಕು, ಅದು ನಮ್ಮ ಆಸೆ."

"ಬಾಯಿಲೆ ಕುಡದ್ರ?"

"ಬರೇ ಔಷಧಾ ಕುಡದ್ರ ರಕ್ತಕ್ಕ ಸೇರೂದ ಇಲ್ಲ ಅನ್ನಬೇಕು. ಅದಕ್ಕಂತನ ನರಕ್ಕ ಏರಸ್ತಾರ. ಚೀಲದಾಗ ಹಾಕಿದ್ರ ಬಾಯಿಲೆ ಕೊಟ್ರೂ ಸೇರತದೇನೋ ಅಂತ ನಮ್ಮ ಪ್ರಯತ್ನ. ಮನುಷ್ಯರಾಗ ಇನ್ನೂ ಯಾರೂ..."

"ರಾಮಪ್ಪನ ಮೂತ್ರ ಕೆಂಪಗಿತ್ತು ಸರ್."

ಗೌರೀಶರ ಕಣ್ಣುಗಳು ಮಿನುಗಿದವು.

ಒಂದೇ ಕ್ಷಣ. ಚಳಿಯಲ್ಲಿ ಯಾರೋ ಕೆಂಡ ಊದಿದಂತೆ ಆ ಮುಖದಲ್ಲಿ ಬೆಳಕು ಬಂದು ಹೋಯಿತು. "ಕುಡದದ್ದು ಮೂತ್ರದಾಗ ಬಂತಾ? ಖರೇನ? ಹಂಗಂದ್ರ ಒಳಗ ಸೇರೇದ..." ಎಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು.

ಶಗುಫ್ತಾ ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮ ಬಾಗಿಲಾ ಕಾವಲಿದ್ದ ಮನುಷ್ಯಾ ಸತ್ತಾನ. ನಿಮಗ ಖುಷಿ ಆತಲ್ರಿ."

"ಇಲ್ಲ ಮೇಡಂ, ಹಂಗಲ್ಲ..."

"ನಾ ನೋಡಿದೆ. ಸುಳ್ಳ ಹೇಳಬ್ಯಾಡ್ರಿ. ಆ ಕೆಂಪು ಅವನ ಹೃದಯಾ ನಿಲ್ಲಿಸೇತಿ. ಅದು ಇಡೀ ತಾಲೂಕಿನಾಗ ಈ ಒಂದ ಕ್ವಾಣ್ಯಾಗ ಮಾತ್ರ ಐತಿ. ಯಾವಾಗಿಂದ ಕೊಡಾಕತ್ತಿದ್ರಿ?"

"ನಾ ಕೊಟ್ಟಿಲ್ಲ!" ಗೌರೀಶರ ದನಿ ಬಿರಿಯಿತು. "ಬರ್ರಿ, ನೋಡ್ರಿ. ತಯಾರ ಮಾಡಿದ್ದೆಲ್ಲಾ ಕೀಲಿ ಹಾಕಿದ ಕಪಾಟಿನಾಗ ಅದ. ಒಂದ ಸೀಸೆ ಕಡಿಮಿ ಆಗಿದ್ರ ನನ್ನ ಕೈಗೆ ಬೇಡಿ ಹಾಕ್ರಿ."

ತಂಪು ಕಪಾಟಿನ ಕೀಲಿ ತೆಗೆದು ಅವರು ಸಣ್ಣ ಗಾಜಿನ ಸೀಸೆಗಳ ಹಲಗೆಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಸೀಸೆಗಳೆಲ್ಲ ಸಾಲಾಗಿ ಇದ್ದವು. ಒಂದೂ ಕಡಿಮೆಯಿರಲಿಲ್ಲ. ಎಲ್ಲವೂ ಕೆಂಪು.

"ನೋಡಿದ್ರ್ಯಾ?"

"ಕೆಂಪ ಅಂತೂ ಅದಾವ. ಒಳಗಿರೂದು ಔಷಧಾನ ಅಂತ ಹೆಂಗ ನಂಬೂದು?" ಎಂದ ಶಂಕ್ರಪ್ಪ. "ನಮ್ಮ ಸಂತ್ಯಾಗ ಶರಬತ್ತೂ ಇದ ಬಣ್ಣದ್ದು ಸಿಗತೈತಿ."

ಗೌರೀಶರಿಗೆ ಅದು ಚುಚ್ಚಿತು. ಹಟಕ್ಕೆ ಬಿದ್ದವರಂತೆ ಕಿಟಕಿಯ ಪರದೆ ಎಳೆದು, ಮೇಜಿನ ಖಾನೆಯಿಂದ ಒಂದು ಪುಟ್ಟ ನೇರಳೆ ದೀಪ ತೆಗೆದರು.

"ಈ ಔಷಧಕ್ಕ ಒಂದ ಗುಣಾ ಅದ. ಈ ದೀಪಾ ಬಿದ್ರ ಕೆಂಡದಂಗ ಹೊಳೀತದ. ಶರಬತ್ತ ಹೊಳಿಯೂದಿಲ್ಲ. ನೀವ ನೋಡ್ರಿ."

ಮುಂದಿನ ಸಾಲಿನ ಮೇಲೆ ದೀಪ ಬಿತ್ತು. ಸೀಸೆಗಳು ನಿಗಿನಿಗಿ ಹೊಳೆದವು. ಗೌರೀಶರು ಗೆದ್ದವರಂತೆ ತಲೆಯೆತ್ತಿ, ದೀಪವನ್ನು ಹಿಂದಿನ ಸಾಲಿಗೆ ಸರಿಸಿದರು.

ಕತ್ತಲು.

ಇನ್ನೊಮ್ಮೆ ಹತ್ತಿರ ಹಿಡಿದರು. ಒಂದು ಸೀಸೆಯನ್ನು ಕೈಗೆತ್ತಿಕೊಂಡು ಅಲುಗಾಡಿಸಿದರು. ಅದು ಹೊಳೆಯಲಿಲ್ಲ. ಅದರ ಪಕ್ಕದ್ದೂ ಹೊಳೆಯಲಿಲ್ಲ. ಹಿಂದಿನ ಸಾಲಿನ ಒಂದೂ ಹೊಳೆಯಲಿಲ್ಲ.

"ಇದು... ಇದು ಬಣ್ಣದ ನೀರು." ಅವರು ಗಾಬರಿಯಿಂದ ಒಂದೊಂದೇ ಸೀಸೆ ಎತ್ತಿ ದೀಪಕ್ಕೆ ಹಿಡಿದರು. "ಯಾರೋ ಔಷಧಾ ತಗದು ಬಣ್ಣದ ನೀರು ತುಂಬ್ಯಾರ."

ಆ ಗಾಬರಿ ನಟನೆಯಲ್ಲ ಎಂದು ಶಗುಫ್ತಾಳಿಗೆ ಅನಿಸಿತು. ಆದರೆ ತುಸು ಮುಂಚೆ ಕಣ್ಣಲ್ಲಿ ಕಂಡ ಆ ಮಿನುಗೂ ನಟನೆಯಾಗಿರಲಿಲ್ಲ. ಎರಡೂ ಒಬ್ಬನೇ ಮನುಷ್ಯನವು. ಅದೇ ಅವಳನ್ನು ಕಾಡಿತು.

"ಕಪಾಟಿನ ಕೀಲಿ ಯಾರ್ಯಾರ ಹತ್ರ ಐತಿ?"

"ನನ್ನ ಹತ್ರ ಒಂದು. ಪ್ರಭು ಹತ್ರ ಒಂದು." ಪ್ರಭು ಈ ಪ್ರಯೋಗಾಲಯಕ್ಕೆ ಬಂಡವಾಳ ಹಾಕಿದ ಹುಬ್ಬಳ್ಳಿಯ ವ್ಯಾಪಾರಿ. ಶುಂಠಿ ತರಿಸಿಕೊಡುವವನೂ ಅವನೇ. "ಮುಂಜಾನಿಂದ ಅವಗ ಫೋನ್ ಹಚ್ಚಾಕತ್ತೇನಿ. ಎತ್ತವಲ್ಲ."

"ರಾಮಪ್ಪ ಇಲ್ಲಿ ಔಷಧಾ ಕುಡೀತಿದ್ದದ್ದು ಪ್ರಭುಗ ಗೊತ್ತಿತ್ತೇನು?"

ಗೌರೀಶರು ಕುರ್ಚಿಯಲ್ಲಿ ಕುಸಿದರು. ಪಂಜರದಲ್ಲಿ ಇಲಿಗಳು ಕಾಳು ಕಡಿಯುತ್ತಿದ್ದವು.

"ಅಂದ್ರ ನಿಮಗ ಗೊತ್ತಿತ್ತು," ಎಂದಳು ಶಗುಫ್ತಾ.

"ಖಾಲಿ ಚೀಲದ ಬಾಟ್ಲಿ, ಬೆಳ್ಳಂದು, ಒಂದೊಂದು ಕಡಿಮಿ ಆಗತಿದ್ದವು. ರಾಮಪ್ಪಗ ಹೋಗತಾವ ಅಂತ ತಿಳೀತು. ಬರೇ ಶುಂಠಿ, ಅದರಿಂದ ಏನೂ ಆಗೂದಿಲ್ಲ ಅಂತ ಸುಮ್ಮನಾದೆ." ಅವರು ನೆಲ ನೋಡುತ್ತಲೇ ಮಾತಾಡಿದರು. "ಸುಮ್ಮನ ಇರಲಿಲ್ಲ. ಮುಂಜಾನಿ ಬಂದ ಕೂಡಲೇ ಹೊಟ್ಟಿ ನೋವು ಹೆಂಗದೋ ಅಂತ ಕೇಳತಿದ್ದೆ. ಕಡಿಮಿ ಆಗೇತ್ರಿ ಅಂತಿದ್ದ. ನನ್ನ ಮನಸ್ಸಿಗೆ ಭಾಳ ಖುಷಿ. ಪ್ರಭು ಮುಂದ ಹೇಳಿದೆ. ಬರೇ ಶುಂಠೀನ ಇಷ್ಟು ಕೆಲಸಾ ಮಾಡತದಂದ್ರ ಔಷಧಾ ತುಂಬಿದ್ದು ಎಷ್ಟು ಮಾಡಬೇಕು ಅಂತ ಇಬ್ಬರೂ ಮಾತಾಡಿದ್ವಿ. ಮಾತು, ಅಷ್ಟ."

"ಆ ಮಾತಿನ ಮ್ಯಾಲೆ ಯಾರೋ ಕೆಲಸಾ ಮಾಡ್ಯಾರ ಸರ್."

ಶಗುಫ್ತಾ ತಿರುಗಿದಳು. ರೋಹಿಣಿ ಪಂಜರದ ಸರಳು ಹಿಡಿದು ನಿಂತಿದ್ದಳು.

"ಮಗಳಂಥಾಕಿ ಕೊಡ್ತಾಳ ಅಂತ ರಾಮಪ್ಪ ಹೆಂಡತಿ ಮುಂದ ಹೇಳಿದ್ದ. ಹೆಸರು ಹೇಳಿರಲಿಲ್ಲ. ನಿನಗ ತ್ರಾಸ ಆಗಬಾರದಂತ."

ಆ ಮಾತಿಗೆ ರೋಹಿಣಿಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

"ರಾಮಪ್ಪ ಕಾಕಾ ನೋವಿಗೆ ಕೂತಲ್ಲಿ ಕೂಡತಿರಲಿಲ್ರಿ ಮೇಡಂ. ದವಾಖಾನಿಗೆ ಹೋಗು ಅಂದ್ರ, ಸುಮ್ಮನ ನನ್ನ ಸುಡತಾರ, ಒಲ್ಲೆ ಅಂತಿದ್ದ. ಇಲಿಗಿ ಕೊಡತೀರಿ, ನನಗ ಯಾಕ ಕೊಡೂದಿಲ್ಲ, ನಾ ಇಲಿಗಿಂತ ಕಡಿಮೇನು ಅಂತ ಕೇಳಿದ. ಬೆಳ್ಳಂದ ಕೊಟ್ಟೆ. ದೇವರಾಣಿ, ಬೆಳ್ಳಂದ ಕೊಟ್ಟೆ. ಬಾಗಿಲ ಹತ್ರ ಸಣ್ಣ ಫ್ರಿಜ್ಜಿನಾಗ ಹಿಂದಕ ಇಡತಿದ್ದೆ, ಅಂವಾ ತಾನ ಒಯ್ಯತಿದ್ದ. ಕೆಂಪಿನ ಕಪಾಟ ನಾ ಮುಟ್ಟಿಲ್ಲ."

ಚಿತ್ರ ಶಗುಫ್ತಾಳ ಕಣ್ಣಮುಂದೆ ಕೂಡಿಕೊಂಡಿತು. ಹುಡುಗಿ ಕನಿಕರಕ್ಕೆ ಬೆಳ್ಳನೆಯ ಬಾಟಲಿ ಇಟ್ಟಳು. ಯಾರೋ ಅದನ್ನು ಕಂಡು, ಅದೇ ಕಂದು ಬಾಟಲಿಯಲ್ಲಿ ಕೆಂಪು ತುಂಬಿಟ್ಟರು. ಇಟ್ಟವಳಿಗೂ ತಿಳಿಯಲಿಲ್ಲ, ಒಯ್ದವನಿಗೂ ತಿಳಿಯಲಿಲ್ಲ. ಬಡವನ ಹೊಟ್ಟೆಯೇ ಅವರ ಪ್ರಯೋಗಾಲಯವಾಯಿತು.

"ಆ ಹಿಂದಿನ ಬಾಟ್ಲಿ ರಾಮಪ್ಪಗ ಬಿಟ್ಟು ಮತ್ತ ಯಾರಿಗರೆ ಕೊಟ್ಟೀಯೇನು?"

ರೋಹಿಣಿಯ ಅಳು ಥಟ್ಟನೆ ನಿಂತಿತು.

ಅವಳ ಮುಖದ ರಕ್ತವೆಲ್ಲ ಇಳಿದುಹೋಗುವುದನ್ನು ಶಗುಫ್ತಾ ನೋಡಿದಳು.

"ಅಕ್ಕ," ಎಂದಳು ರೋಹಿಣಿ. "ನಮ್ಮ ಸುನಿತಕ್ಕ. ಸಂಶಿಗೆ ಮದುವಿ ಮಾಡಿ ಕೊಟ್ಟೇವಿ. ಬಸುರಿ ಅದಾಳ್ರಿ. ಭಾಳ ವಾಂತಿ, ನೀರು ನಿಲ್ಲವಲ್ದು ಅಂದ್ಲು. ಶುಂಠಿ ವಾಂತಿಗೆ ಚಲೋ ಅಂತ, ಬರೇ ಶುಂಠಿ ಅಲ್ಲೇನು ಅಂತ... ಹೋದ ವಾರ ಆ ಫ್ರಿಜ್ಜಿನಿಂದನ ಬಾಟ್ಲಿ ಒಯ್ದು ಕೊಟ್ಟೆ."

ಗೌರೀಶರು ಕುರ್ಚಿಯಿಂದ ಎದ್ದು ನಿಂತರು. "ಬಸುರಿ ಇದ್ದಾಕಿಗಾ? ರೋಹಿಣಿ, ಅದರಾಗ ಕೆಂಪು ಇದ್ರ ಕೂಸು..."

"ಫೋನ್ ಹಚ್ಚು," ಎಂದಳು ಶಗುಫ್ತಾ. "ಎಲ್ಲರಿಗೂ ಕೇಳೂಹಂಗ."

ಸುನಿತಾ ಫೋನ್ ಎತ್ತಲಿಲ್ಲ. ಮತ್ತೆ ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಮೂರನೆಯ ಸಲಕ್ಕೆ ಅವಳ ಅತ್ತೆ ಶಾರದವ್ವ ಎತ್ತಿದರು. ಕಿವಿ ಸ್ವಲ್ಪ ಮಂದ, ದನಿ ದೊಡ್ಡದು.

"ಯಾರು? ರೋಹಿಣಿ ಏನವಾ? ಅಂಗಳದಾಗ ಮೆಣಸಿನಕಾಯಿ ಹರವಾಕತ್ತಿದ್ದೆ, ಕೇಳಲಿಲ್ಲ."

"ಅತ್ತೀ, ಅಕ್ಕ ಎಲ್ಲಿ? ನಾ ಕೊಟ್ಟ ಔಷಧಾ ಕುಡದ್ಲೇನು? ಬಣ್ಣಾ ಹೆಂಗಿತ್ತು?"

"ಔಷಧಾನ? ಬೆಳ್ಳಗಿತ್ತು. ಚಲೋ ಆತವಾ, ವಾಂತಿ ಕಡಿಮಿ ಆಗೇತಿ."

ರೋಹಿಣಿ ಮೇಜು ಹಿಡಿದು ಬಗ್ಗಿದಳು. ಗೌರೀಶರು ಕಣ್ಣು ಮುಚ್ಚಿ ಕೈ ಮುಗಿದರು. ಶಂಕ್ರಪ್ಪ "ಅಬ್ಬಾ" ಎಂದ.

"ಅದು ಮುಗೀತು," ಶಾರದವ್ವ ಮುಂದುವರಿಸಿದರು. "ಈಗ ಕೆಂಪಂದು ಚಾಲೂ ಮಾಡೂದಂತ. ನಿಮ್ಮ ಲ್ಯಾಬಿನ ಡಾಕ್ಟರು ತಾವ ತಂದಾರಲ್ಲ."

ಶಗುಫ್ತಾ ಫೋನಿನ ಮೇಲೆ ಬಗ್ಗಿದಳು. "ಅವ್ವಾರ, ನಾ ರೋಹಿಣಿ ಬಾಜೂಕ ಇರೋ ಆಕಿ. ಯಾವ ಡಾಕ್ಟರು?"

"ಹೆಸರು ಕೇಳಿಲ್ಲವಾ. ಎತ್ತರಕ ಅದಾರ, ಬಿಳಿ ಕೋಟು. ರೋಹಿಣಿ ಕಳಿಸ್ಯಾಳ ಅಂದ್ರು. ಮೊನ್ನೀನೂ ಬಂದಿದ್ರು, ಸುನಿತಾನ ರಕ್ತಾ ತಗದ್ರು. ಈಗೂ ಬಂದಾರ. ಕೂಸಿಂದು ಸ್ಕ್ಯಾನ್ ಮಾಡಸ್ತೇನಿ, ಹುಬ್ಬಳ್ಳಿಗೆ ಕರಕೊಂಡ ಹೋಗಿ ಸಂಜೀಕ ಬಿಡ್ತೇನಿ ಅಂದ್ರು. ಭಾಳ ಚಲೋ ಮನುಷ್ಯಾ. ಚಾ ಕುಡದು ಈಗರ ಎದ್ರು."

"ಪ್ರಭು!" ಗೌರೀಶರು ಮೇಜು ಗುದ್ದಿದರು. "ಅಂವಾ ಎತ್ತರಾ ಅದಾನ. ಅವನ ಹತ್ರನ ಕೀಲಿ ಅದ. ಅದಕ್ಕ ಫೋನ್ ಎತ್ತವಲ್ಲ!"

"ಶಂಕ್ರಪ್ಪಣ್ಣ, ಕುಂದಗೋಳ ಠಾಣೆಗೆ ಹಚ್ಚ್ರಿ. ಸಂಶಿ ರಸ್ತಾದಾಗ ಗಾಡಿ ತಡೀರಿ ಅನ್ರಿ, ಲಗೂ." ಶಗುಫ್ತಾ ಫೋನಿಗೆ ಕೂಗಿದಳು. "ಅವ್ವಾರ, ಸುನಿತಾನ ಗಾಡಿ ಹತ್ತಸಬ್ಯಾಡ್ರಿ! ಕೇಳಿತೇನು? ಹೊರಗ ಹೋಗಿ ತಡೀರಿ!"

"ಏನಂದಿ? ಗಾಡೀನ? ಹೂಂ, ಗಾಡಿ ತಂದಾರ."

ಅಷ್ಟರಲ್ಲಿ ಗಿರಣಿಯ ಗೇಟಿನಲ್ಲಿ ಕಾರೊಂದು ನಿಂತ ಸದ್ದಾಯಿತು. ಬಾಗಿಲು ದೂಡಿಕೊಂಡು ಎತ್ತರದ ಮನುಷ್ಯನೊಬ್ಬ ಒಳಬಂದ. ಹೆಗಲ ಮೇಲೆ ಶುಂಠಿಯ ಮೂಟೆ, ಪ್ಯಾಂಟಿನ ತುಂಬ ಕಲಘಟಗಿಯ ಕೆಂಪುಮಣ್ಣು.

"ಏನ್ರಿ ಗೌರೀಶ, ಹತ್ತ ಸಲಾ ಫೋನ್ ಮಾಡೀರಿ? ಹೊಲದಾಗ ರೇಂಜ ಇರಲಿಲ್ರಿ," ಎಂದ. ಪೊಲೀಸರನ್ನು ಕಂಡು ಮೂಟೆ ಇಳಿಸುವುದನ್ನೂ ಮರೆತು ನಿಂತ.

ಗೌರೀಶರು ಪ್ರಭುವನ್ನೂ ಮೇಜಿನ ಮೇಲಿನ ಫೋನನ್ನೂ ನೋಡಿದರು.

ಪ್ರಭು ಇಲ್ಲಿದ್ದ. ಹಾಗಾದರೆ ಸಂಶಿಯ ಅಂಗಳದಲ್ಲಿ ಚಹಾ ಕುಡಿದು ಎದ್ದವನು ಯಾರು?

ಮೇಜಿನ ಮೇಲಿನ ಫೋನಿನಲ್ಲಿ ಕಾರಿನ ಬಾಗಿಲು ತೆರೆದ ಸಪ್ಪಳ ಕೇಳಿಸಿತು. ಆಮೇಲೆ ದೂರದಿಂದ, ನಗುತ್ತ ಬಂದ ಹೆಣ್ಣಿನ ದನಿ: "ಅತ್ತೀ, ನಾ ಹೋಗಿ ಬರ್ತೇನ್ರಿ."

ಬಾಗಿಲು ಮುಚ್ಚಿತು. ಕಾರು ಹೊರಟಿತು.